ರ‍್ಯಾಂಪ್ ಲೆಕ್ಕ ಎಲ್ಲಿ ತಪ್ಪಿತು? ಇಳಿಜಾರು ಪಾಠಕ್ಕೊಂದು ದೋಷ ನಿವಾರಣೆ ಕೈಪಿಡಿ

ಇಳಿಜಾರನ್ನು ವಿನ್ಯಾಸದ ಕೆಲಸದ ಮೂಲಕ ಕಲಿಸಲು ಹೊರಟವರು ಸಾಮಾನ್ಯವಾಗಿ ರ‍್ಯಾಂಪನ್ನೇ ಆರಿಸಿಕೊಳ್ಳುತ್ತಾರೆ. ಬಾಗಿಲು ನೆಲದಿಂದ ಇಷ್ಟು ಎತ್ತರದಲ್ಲಿದೆ, ಗಾಲಿಕುರ್ಚಿ ಒಳಗೆ ಹೋಗಬೇಕು, ರ‍್ಯಾಂಪ್ ಎಷ್ಟು ಉದ್ದ ಚಾಚಬೇಕು? ಪ್ರಶ್ನೆ ಒಂದೇ ಆದರೂ ತರಗತಿಯಿಂದ ನಾಲ್ಕೈದು ಬೇರೆ ಬೇರೆ ಉತ್ತರ ಬರುತ್ತವೆ. ಆಗ ‘ಇನ್ನೊಮ್ಮೆ ಲೆಕ್ಕ ಮಾಡಿ’ ಎಂದರೆ ಅದೇ ತಪ್ಪು ಅದೇ ಅಚ್ಚುಕಟ್ಟಿನಲ್ಲಿ ಮರಳಿ ಬರುತ್ತದೆ. ಭಾಗಾಕಾರ ಬಹುತೇಕ ಸರಿಯಾಗಿಯೇ ಇರುತ್ತದೆ. ಯಾವ ಎರಡು ಉದ್ದಗಳನ್ನು ಹಿಡಿದು ಭಾಗಿಸಿದರು ಎಂಬಲ್ಲಿ ದೋಷ ಇರುತ್ತದೆ. ಅದನ್ನು ಕಂಡುಹಿಡಿಯಲು ವಿದ್ಯಾರ್ಥಿಯನ್ನು ಪ್ರಶ್ನಿಸುವ ಮೊದಲು ಅವನ ಉತ್ತರವನ್ನೇ ಓದಬೇಕು. ಒಂದೊಂದು ಬಗೆಯ ತಪ್ಪು ತನ್ನದೇ ಆದ ಸಂಖ್ಯೆಯನ್ನು ಬಿಟ್ಟುಹೋಗುತ್ತದೆ.

ಈ ಕೈಪಿಡಿಯುದ್ದಕ್ಕೂ ಒಂದೇ ಮಾದರಿ ಅಳತೆ ಇಟ್ಟುಕೊಳ್ಳೋಣ. ಏರು, ಅಂದರೆ ನೆಲದಿಂದ ಬಾಗಿಲಿಗಿರುವ ಎತ್ತರ, 45 ಸೆಂ.ಮೀ. ಇಳಿಜಾರಿನ ಮಿತಿ 1:12, ಅಂದರೆ ಒಂದು ಪಾಲು ಏರಿಗೆ ನೆಲದುದ್ದಕ್ಕೆ ಹನ್ನೆರಡು ಪಾಲು ಅಡ್ಡದೂರ. ಹಲವು ಕಡೆಯ ಕಟ್ಟಡ ನಿಯಮಗಳು ಗಾಲಿಕುರ್ಚಿಯ ರ‍್ಯಾಂಪಿಗೆ ಇಟ್ಟಿರುವ ಮಿತಿ ಇದೇ. ಸರಿಯಾದ ಅಡ್ಡದೂರ 540 ಸೆಂ.ಮೀ. ಇಳಿಜಾರು (ಏರನ್ನು ಅಡ್ಡದೂರದಿಂದ ಭಾಗಿಸಿದ್ದು) 0.0833, ಅಂದರೆ ಶೇಕಡ 8.33, ಕೋನದಲ್ಲಿ 4.76 ಡಿಗ್ರಿ. ಹಲಗೆಯ ಮೇಲ್ಮೈಯ ಓರೆ ಉದ್ದ ಸುಮಾರು 541.9 ಸೆಂ.ಮೀ. ಈ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಕೈಯಲ್ಲಿಟ್ಟುಕೊಂಡು ಗುಂಪುಗಳ ನಡುವೆ ಓಡಾಡಿದರೆ ಅರ್ಧ ಕೆಲಸ ಆದಂತೆ.

ಉತ್ತರದಿಂದ ತಪ್ಪಿಗೆ

ಇಳಿಜಾರು 12 ಎಂದು ಬರೆದಿದ್ದರೆ ಅನುಪಾತ ತಲೆಕೆಳಗಾಗಿದೆ. ಇದು ಎಲ್ಲಕ್ಕಿಂತ ಸಾಮಾನ್ಯ, ಎಲ್ಲಕ್ಕಿಂತ ಬೇಗ ಸರಿಹೋಗುವುದೂ ಇದೇ. 1:12 ಮತ್ತು 1:20 ಇವೆರಡರಲ್ಲಿ ಯಾವುದು ಕಡಿದು ಎಂದು ಕೇಳಿ. 20 ದೊಡ್ಡದು ಎಂಬ ಕಾರಣಕ್ಕೆ 1:20 ಎಂದರೆ ರೋಗ ಖಚಿತ. ಸೂತ್ರವನ್ನು ಮತ್ತೆ ಬರೆಸುವ ಬದಲು ‘ಒಂದು ಮೀಟರ್ ಮುಂದೆ ಹೋದರೆ ಎಷ್ಟು ಮೇಲೆ ಹೋಗುತ್ತೇವೆ?’ ಎಂದು ಕೇಳಿ. 1:12ಕ್ಕೆ 8.33 ಸೆಂ.ಮೀ., 1:20ಕ್ಕೆ 5 ಸೆಂ.ಮೀ. ‘ಮುಂದೆ ಹೋದರೆ’ ಎಂಬ ಮಾತೇ ಅಡ್ಡದೂರವನ್ನು ಛೇದಕ್ಕೆ ತಂದು ಕೂರಿಸುತ್ತದೆ.

8.33 ಎಂಬ ಉತ್ತರದ ಬಗ್ಗೆ ಎಚ್ಚರ ಬೇಕು, ಏಕೆಂದರೆ ಅದು ಸರಿಯಾದ ಉತ್ತರದ ವೇಷದಲ್ಲಿ ಬರುತ್ತದೆ. ಕೆಲವರು 45 ಸೆಂ.ಮೀ.ಯನ್ನು 5.4 ಮೀಟರಿನಿಂದ ಭಾಗಿಸಿರುತ್ತಾರೆ. ಏಕಮಾನಗಳು ಬೆರೆತಿದ್ದರೂ ಬಂದದ್ದು ಶೇಕಡಾವಾರು ಉತ್ತರದಂತೆಯೇ ಕಾಣುತ್ತದೆ. ಒಂದು ಮೀಟರಿಗೆ ನೂರು ಸೆಂಟಿಮೀಟರ್ ಇರುವುದರಿಂದ ಹೀಗಾಗುತ್ತದೆ. ‘ಇದು 8.33 ಏನು?’ ಎಂದು ಕೇಳಿ. ‘ಶೇಕಡ’ ಎಂದರೆ ನೂರು ಎಲ್ಲಿಂದ ಬಂತೆಂದು ಕೇಳಿ. ‘ಮೀಟರಿಗೆ ಇಷ್ಟು ಸೆಂಟಿಮೀಟರ್’ ಎಂದು ಹೇಳಿದವರು ತಪ್ಪು ಮಾಡಿಲ್ಲ, ಪೂರ್ತಿ ಬರೆದಿಲ್ಲ ಅಷ್ಟೆ. ಉತ್ತರ ಇಲ್ಲದೆ ಸುಮ್ಮನಾದವರಿಗೆ 450 ಮಿ.ಮೀ. ಮತ್ತು 5.4 ಮೀ. ಕೊಟ್ಟು ಮತ್ತೆ ಮಾಡಿಸಿ. ಈಗ 83.3 ಬರುತ್ತದೆ. ಅದೇ ರ‍್ಯಾಂಪಿಗೆ ಎರಡು ಇಳಿಜಾರು ಹೇಗಾಯಿತು ಎಂಬ ಗೊಂದಲವನ್ನು ಅವರೇ ಬಿಡಿಸಿಕೊಳ್ಳಲಿ.

ಅಡ್ಡದೂರ ಸುಮಾರು 307 ಸೆಂ.ಮೀ. ಎಂದು ಬಂದಿದ್ದರೆ ಶೇಕಡ 8.33 ಅನ್ನು 8.33 ಡಿಗ್ರಿ ಎಂದು ಹಿಡಿದು ಕ್ಯಾಲ್ಕುಲೇಟರಿನಲ್ಲಿ ಟ್ಯಾನ್ (ಕೋನದಿಂದ ಇಳಿಜಾರು ಕೊಡುವ ಅನುಪಾತ) ಒತ್ತಿದ್ದಾರೆ. ಟ್ಯಾನ್ 8.33 ಡಿಗ್ರಿ ಸುಮಾರು 0.146. ರ‍್ಯಾಂಪ್ 1:7ಕ್ಕಿಂತ ಸ್ವಲ್ಪ ಕಡಿದಾಗಿ, ಬಳಸಲು ಬಾರದಂತಾಗುತ್ತದೆ. ಶೇಕಡ ನೂರು ಎಂದರೆ ಎಷ್ಟು ಡಿಗ್ರಿ ಎಂದು ಕೇಳಿದಾಗ ‘90’ ಎಂದವರೆಲ್ಲ ಇದೇ ದಾರಿಯಲ್ಲಿದ್ದಾರೆ. ಒಂದು ಚೌಕದ ಕರ್ಣ ಎಳೆಸಿ. ಏರು ಮತ್ತು ಅಡ್ಡದೂರ ಸಮ, ಇಳಿಜಾರು ಶೇಕಡ ನೂರು, ಕೋನ 45 ಡಿಗ್ರಿ.

ಮೊದಲ ರ‍್ಯಾಂಪ್ ಸರಿ ಮಾಡಿದವರಿಗೆ ಎತ್ತರವನ್ನು 60 ಸೆಂ.ಮೀ.ಗೆ ಬದಲಿಸಿ ಕೊಡಿ. 720 ಬರಬೇಕಾದಲ್ಲಿ 555 ಬಂದರೆ ಅವರು ಗುಣಿಸಿಲ್ಲ, ಕೂಡಿದ್ದಾರೆ: ಎತ್ತರ 15 ಹೆಚ್ಚಿತು, ದೂರವೂ 15 ಹೆಚ್ಚಲಿ. ಇದು ಇಳಿಜಾರಿನ ಪಾಠದ ದೋಷವಲ್ಲ, ಅನುಪಾತದ ಪಾಠದಿಂದ ಉಳಿದುಬಂದದ್ದು. ಹೊಸ ರ‍್ಯಾಂಪ್ 1:9.25 ಆಗಿದೆ ಎಂದು ಅವರಿಂದಲೇ ಲೆಕ್ಕ ಮಾಡಿಸಿ. ಆಮೇಲೆ ಏರು 1 ಸೆಂ.ಮೀ. ಇದ್ದರೆ ಎಷ್ಟು, 2 ಇದ್ದರೆ ಎಷ್ಟು ಎಂದು ಕೆಳಗಿನಿಂದ ಕಟ್ಟುತ್ತ ಬನ್ನಿ.

ಉತ್ತರ 0.5, ಕೋನಮಾಪಕದಲ್ಲಿ 26 ಅಥವಾ 27 ಡಿಗ್ರಿ ಎಂದಾದರೆ ಗ್ರಾಫ್ ಹಾಳೆಯನ್ನು ತರಿಸಿಕೊಂಡು ನೋಡಿ. ಹಾಳೆಯಲ್ಲಿ ಹಿಡಿಸಲೆಂದು ಅಡ್ಡ ಅಕ್ಷಕ್ಕೆ 1 ಸೆಂ.ಮೀ. = 60 ಸೆಂ.ಮೀ., ಲಂಬ ಅಕ್ಷಕ್ಕೆ 1 ಸೆಂ.ಮೀ. = 10 ಸೆಂ.ಮೀ. ಎಂದು ಪ್ರಮಾಣ ತೆಗೆದುಕೊಂಡಿರುತ್ತಾರೆ. ಹಾಳೆಯ ಮೇಲೆ ಏರು 4.5, ಅಡ್ಡ 9. ಅಕ್ಷದ ಮೇಲಿನ ಸಂಖ್ಯೆಗಳನ್ನು ಓದಿದರೆ 1/12 ಬರುತ್ತದೆ, ಸ್ಕೇಲಿಟ್ಟು ಅಳೆದರೆ 1/2. ಎರಡು ಅಕ್ಷಕ್ಕೂ ಒಂದೇ ಪ್ರಮಾಣ ಇಲ್ಲದ ಚಿತ್ರದ ಮೇಲೆ ಕೋನಮಾಪಕ ಇಡಬಾರದು. ಈ ಮಾತನ್ನು ಪಾಠ ಶುರುವಾಗುವ ಮೊದಲೇ ಹೇಳಿಬಿಡುವುದು ಲೇಸು ಎಂದು ಕೆಲವರು ವಾದಿಸುತ್ತಾರೆ. ತಪ್ಪು ಮಾಡಲು ಬಿಟ್ಟು, ಅದೇ ರ‍್ಯಾಂಪನ್ನು ಸಮ ಪ್ರಮಾಣದಲ್ಲಿ ಇನ್ನೊಮ್ಮೆ ಎಳೆಸಿ, ಎರಡು ಚಿತ್ರವನ್ನೂ ಪಕ್ಕಪಕ್ಕ ಇಡಿಸುವುದೇ ಮೇಲು. ಸಮ ಪ್ರಮಾಣದಲ್ಲಿ ರ‍್ಯಾಂಪ್ ಬಹುತೇಕ ಮಲಗಿದಂತೆ ಕಾಣುತ್ತದೆ. ನಿಜವಾದ ರ‍್ಯಾಂಪ್ ಕಾಣುವುದೂ ಹಾಗೆಯೇ.

ಋಣ ಚಿಹ್ನೆ ಮತ್ತು ‘ಇಳಿಜಾರು’ ಎಂಬ ಮಾತು

ಸಂಖ್ಯೆ ಸರಿ, ಚಿಹ್ನೆ ಮಾತ್ರ ತಿರುಗಿದೆ ಎಂದಾದರೆ ಕಾರಣ ಎರಡಿರಬಹುದು. ಮೊದಲನೆಯದು, ಅಂಶದಲ್ಲಿ ಎರಡನೇ ಬಿಂದುವಿನಿಂದ ಮೊದಲನೆಯದನ್ನು, ಛೇದದಲ್ಲಿ ಮೊದಲನೆಯದರಿಂದ ಎರಡನೆಯದನ್ನು ಕಳೆದಿದ್ದಾರೆ. ನಿರ್ದೇಶಾಂಕಗಳನ್ನು ಒಂದರ ಕೆಳಗೊಂದು ಬರೆಸಿ ಕಳೆಯಿಸಿದರೆ ಇದು ಹೋಗುತ್ತದೆ.

ಎರಡನೆಯದು ಭಾಷೆಯದು. ನಮ್ಮ ಪದದಲ್ಲೇ ‘ಇಳಿ’ ಇದೆ, ‘ಜಾರು’ ಇದೆ. ಎರಡೂ ಕೆಳಮುಖವೇ. ಏರುತ್ತ ಹೋಗುವ ಗೆರೆಗೆ ಧನ ಇಳಿಜಾರು ಎಂದಾಗ ಮಕ್ಕಳ ಕಿವಿಗೆ ಅದು ಅಡ್ಡ ಬೀಳುತ್ತದೆ. ಹಾಗಾಗಿ ಏರುವ ಗೆರೆಗೆ ಋಣ ಚಿಹ್ನೆ ಹಾಕುವವರಲ್ಲಿ ಕೆಲವರು ಮಾತನ್ನು ನಂಬಿ ಹಾಗೆ ಮಾಡಿರುತ್ತಾರೆ. ಗಾರೆ ಕೆಲಸದವರು ಹೇಳುವ ‘ವಾಟ’ವೂ ನೀರು ಹರಿದುಹೋಗುವ ದಿಕ್ಕಿನದೇ. ಎಡದಿಂದ ಬಲಕ್ಕೆ ಬೆರಳು ಓಡಿಸಿ, ಬೆರಳು ಮೇಲೆ ಹೋದರೆ ಧನ, ಕೆಳಗೆ ಹೋದರೆ ಋಣ ಎಂದು ಕಟ್ಟಿಕೊಡಿ. ಅದೇ ರ‍್ಯಾಂಪನ್ನು ಎದುರು ಬದಿಯಿಂದ ನೋಡಿದರೆ ಚಿಹ್ನೆ ಬದಲಾಗುತ್ತದೆ, ಕಡಿದುತನ ಬದಲಾಗುವುದಿಲ್ಲ.

‘ಇಳಿಜಾರು ಇಲ್ಲ’ ಎಂಬ ಮಾತನ್ನು ತರಗತಿಯಲ್ಲಿ ಬಿಡಲೇಬೇಡಿ. ಸಮತಟ್ಟಾದ ನೆಲಕ್ಕೂ ಹಾಗೆನ್ನುತ್ತಾರೆ, ನೆಟ್ಟಗೆ ನಿಂತ ಗೋಡೆಗೂ ಹಾಗೆನ್ನುತ್ತಾರೆ. ನೆಲದ ಇಳಿಜಾರು ಸೊನ್ನೆ. ಗೋಡೆಗೆ ಅಡ್ಡದೂರ ಸೊನ್ನೆಯಾದ್ದರಿಂದ ಭಾಗಾಕಾರವೇ ನಡೆಯದು, ಇಳಿಜಾರನ್ನು ವ್ಯಾಖ್ಯಾನಿಸಲಾಗದು.

ರ‍್ಯಾಂಪ್ ಮುಚ್ಚಿಡುವ ತಪ್ಪು

ಎಲ್ಲ ಗುಂಪಿಗೂ 0.083 ಬಂದಿದೆ ಎಂದು ನಿಶ್ಚಿಂತರಾಗುವ ಹಾಗಿಲ್ಲ. ಏರನ್ನು ಅಡ್ಡದೂರದ ಬದಲು ಓರೆ ಉದ್ದದಿಂದ ಭಾಗಿಸುವುದು ಇಡೀ ಪಾಠದ ಅತಿ ಗಂಭೀರ ತಪ್ಪು. 1:12ರ ರ‍್ಯಾಂಪ್ ಅದನ್ನು ಹಿಡಿದುಕೊಡುವುದೇ ಇಲ್ಲ. 45ನ್ನು 540ರಿಂದ ಭಾಗಿಸಿದರೆ 0.0833, 541.9ರಿಂದ ಭಾಗಿಸಿದರೆ 0.0830. ವ್ಯತ್ಯಾಸ ಶೇಕಡ 0.35ರಷ್ಟು. ಟೇಪು ಹಿಡಿಯುವಾಗಿನ ಏರುಪೇರೇ ಅದಕ್ಕಿಂತ ದೊಡ್ಡದು. ಹಲಗೆಯ ಮೇಲೆ ಟೇಪು ಎಳೆಯುವುದು ಸುಲಭ, ಹಲಗೆಯ ಕೆಳಗೆ ನೆಲದುದ್ದಕ್ಕೆ ಅಳೆಯುವುದು ಕಷ್ಟ. ಹಾಗಾಗಿ ವಿದ್ಯಾರ್ಥಿಗಳು ಸಹಜವಾಗಿಯೇ ಓರೆ ಉದ್ದ ಹಿಡಿಯುತ್ತಾರೆ, ಉತ್ತರ ‘ಸರಿ’ ಬರುತ್ತದೆ, ತಪ್ಪು ಗಟ್ಟಿಯಾಗುತ್ತದೆ.

ಇದನ್ನು ಹೊರಗೆಳೆಯಲು ಕಡಿದಾದ ವಸ್ತು ಬೇಕು. ಮಕ್ಕಳ ಜಾರುಬಂಡೆಯ ವಿನ್ಯಾಸ ಕೊಡಿ: ಏರು 90 ಸೆಂ.ಮೀ., ಅಡ್ಡದೂರ 120, ಜಾರುವ ಹಲಗೆ 150. ಸರಿಯಾದ ಇಳಿಜಾರು 0.75, ಓರೆ ಉದ್ದ ಹಿಡಿದವರಿಗೆ 0.6. ಮೂರೂ ಅಳತೆಗಳನ್ನು ಚಿತ್ರದಲ್ಲಿ ಬರೆದೇ ಕೊಟ್ಟರೆ ಯಾರು ಯಾವುದನ್ನು ಆರಿಸುತ್ತಾರೆಂಬುದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. 0.6 ಎಂದವರಿಗೆ ಅದು ಸೈನ್ (ಏರನ್ನು ಓರೆ ಉದ್ದದಿಂದ ಭಾಗಿಸಿದ್ದು), ಟ್ಯಾನ್ ಅಲ್ಲ ಎಂದು ಹೇಳಿ ಮುಗಿಸಬೇಡಿ. ಈ ಲೆಕ್ಕದಲ್ಲಿ ಗೋಡೆಯ ಇಳಿಜಾರು ಎಷ್ಟಾಗುತ್ತದೆ ಎಂದು ಕೇಳಿ. ಗೋಡೆಗೆ ಏರೂ ಓರೆ ಉದ್ದವೂ ಒಂದೇ, ಉತ್ತರ 1 ಬರುತ್ತದೆ. 45 ಡಿಗ್ರಿಯ ಚಾವಣಿಗೆ ನಿಜವಾದ ಇಳಿಜಾರು 1 ಎಂದು ಆಗಲೇ ಒಪ್ಪಿಕೊಂಡಿದ್ದಾರೆ. ಗೋಡೆಯೂ ಚಾವಣಿಯೂ ಒಂದೇ ಕಡಿದಾಗಲು ಸಾಧ್ಯವೇ?

ಮಂದ ಇಳಿಜಾರು ಇನ್ನೊಂದು ಭ್ರಮೆಯನ್ನೂ ಸಾಕುತ್ತದೆ. 1:12ಕ್ಕೆ 4.76 ಡಿಗ್ರಿ, ಅದರ ದುಪ್ಪಟ್ಟಾದ 1:6ಕ್ಕೆ 9.46 ಡಿಗ್ರಿ. ಇಳಿಜಾರು ಎರಡು ಪಟ್ಟಾದರೆ ಕೋನವೂ ಎರಡು ಪಟ್ಟು ಎಂದು ನಂಬಲು ಇಷ್ಟು ಸಾಕು. ಇಳಿಜಾರು 1ರಿಂದ 2ಕ್ಕೆ ಏರಿದಾಗ ಕೋನ 45ರಿಂದ 63.4 ಡಿಗ್ರಿಗೆ ನಿಲ್ಲುತ್ತದೆ, 90 ಆಗುವುದಿಲ್ಲ. ಗೋಡೆಗೆ ಒರಗಿಸುವ ಏಣಿಯನ್ನು ನಾಲ್ಕು ಪಾಲು ಎತ್ತರಕ್ಕೆ ಒಂದು ಪಾಲು ದೂರದಲ್ಲಿ ಇಡುವ ರೂಢಿಯಿದೆ. ಇಳಿಜಾರು 4, ಕೋನ ಸುಮಾರು 76 ಡಿಗ್ರಿ. ಈ ಮೂರು ಬಿಂದುಗಳನ್ನು ಗ್ರಾಫಿನಲ್ಲಿ ಗುರುತಿಸಿದರೆ ಗೆರೆ ಬಾಗುವುದು ಕಾಣುತ್ತದೆ.

ಲೆಕ್ಕ ಸರಿ, ರ‍್ಯಾಂಪ್ ಮಾತ್ರ ಕಡಿದು

ಕಾಗದದ ಮೇಲೆ ಎಲ್ಲವೂ ಸರಿಯಿದ್ದು, ಹೊರಗೆ ಹೋಗಿ ಹಗ್ಗ ಕಟ್ಟಿ ನೋಡಿದಾಗ 1:12 ಬರದಿದ್ದರೆ ನೆಲವನ್ನು ಅನುಮಾನಿಸಿ. ಬಾಗಿಲ ಮುಂದಿನ ನೆಲ ಸಮತಟ್ಟಾಗಿರುವುದು ಅಪರೂಪ. ಮಳೆನೀರು ಕಟ್ಟಡದಿಂದ ಆಚೆ ಹರಿಯಲೆಂದು ಅದಕ್ಕೆ ವಾಟ ಕೊಟ್ಟಿರುತ್ತಾರೆ. ವಿದ್ಯಾರ್ಥಿಗಳು ಏರನ್ನು ಅಳೆಯುವುದು ಹೊಸ್ತಿಲ ಬುಡದಲ್ಲಿ. ರ‍್ಯಾಂಪ್ ಮುಗಿಯುವುದು ಐದಾರು ಮೀಟರ್ ಆಚೆ, ಅಲ್ಲಿ ನೆಲ ಇನ್ನೂ ಕೆಳಗಿದೆ.

ನೆಲ ಮೀಟರಿಗೆ 2 ಸೆಂ.ಮೀ. ಇಳಿಯುತ್ತದೆ ಎಂದುಕೊಳ್ಳಿ. 5.4 ಮೀಟರ್ ದೂರದಲ್ಲಿ ನಿಜವಾದ ಏರು 45 ಅಲ್ಲ, 55.8 ಸೆಂ.ಮೀ. ಇಳಿಜಾರು 1:9.7 ಆಯಿತು. ಇದನ್ನು ಸರಿಪಡಿಸಲು ಹೊರಟ ಗುಂಪು ಸಾಮಾನ್ಯವಾಗಿ 55.8ನ್ನು 12ರಿಂದ ಗುಣಿಸಿ 669.6 ಸೆಂ.ಮೀ. ಎನ್ನುತ್ತದೆ. ಅಷ್ಟು ಆಚೆ ಹೋದರೆ ನೆಲ ಮತ್ತಷ್ಟು ಕೆಳಗಿರುತ್ತದೆ. ಮತ್ತೆ ಲೆಕ್ಕ, ಮತ್ತೆ ಕೊರತೆ. ಈ ಬೆನ್ನಟ್ಟುವಿಕೆಯನ್ನು ಎರಡು ಮೂರು ಸುತ್ತು ನಡೆಯಲು ಬಿಡಿ, ಏಕೆಂದರೆ ಎರಡು ಗೆರೆಗಳು ಸಂಧಿಸುವ ಬಿಂದುವಿನ ಅಗತ್ಯ ಇಲ್ಲಿಯೇ ತಾನಾಗಿ ಹುಟ್ಟುತ್ತದೆ. ದೂರ x ಮೀಟರ್ ಎಂದಾದರೆ ರ‍್ಯಾಂಪ್ ಇಳಿಯುವುದು 8.33x ಸೆಂ.ಮೀ., ಅದು ಇಳಿಯಬೇಕಾದದ್ದು 45 + 2x. ಎರಡನ್ನೂ ಸಮ ಮಾಡಿದರೆ x ಸುಮಾರು 7.1 ಮೀಟರ್. ಸರಳರೇಖೆಯ ಸಮೀಕರಣವನ್ನು ಕರಿಹಲಗೆಯ ಮೇಲೆ ಬರೆದು ವಿವರಿಸುವುದಕ್ಕಿಂತ ಈ ಏಳು ಮೀಟರಿನ ಜಗಳ ಹೆಚ್ಚು ಕಲಿಸುತ್ತದೆ. ನೆಲವೇ ಬಾಗಿಲ ಕಡೆಗೆ ಇಳಿಯುತ್ತಿದ್ದರೆ ಏನಾಗುತ್ತದೆ ಎಂದು ಚುರುಕಾದ ಗುಂಪಿಗೆ ಕೇಳಿ. ಚಿಹ್ನೆ ತಿರುಗಿ, ರ‍್ಯಾಂಪ್ ಸುಮಾರು 4.35 ಮೀಟರಿಗೆ ಮುಗಿಯುತ್ತದೆ.

ನೆಲದ ವಾಟ ಅಳೆಯಲು ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿಸಿದ ಮಟ್ಟದ ಕೊಳವೆ ಸಾಕು. ಒಂದೊಂದು ಮೀಟರಿಗೆ ಗೂಟ ನೆಟ್ಟು ಪ್ರತಿ ಗೂಟದ ಮೇಲೆ ನೀರಿನ ಮಟ್ಟ ಗುರುತಿಸಿ, ಅಲ್ಲಿಂದ ನೆಲಕ್ಕೆ ಅಳೆಯಿರಿ. ಓದುಗಳು ಹುಚ್ಚುಹುಚ್ಚಾಗಿ ಬಂದರೆ ಕೊಳವೆಯೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿದೆ, ಇಲ್ಲವೇ ಯಾರೋ ತುದಿಗೆ ಹೆಬ್ಬೆರಳು ಒತ್ತಿ ಹಿಡಿದಿದ್ದಾರೆ. ಅಳೆಯುವಾಗ ಎರಡು ತುದಿಯೂ ತೆರೆದಿರಬೇಕು.

ಲ್ಯಾಂಡಿಂಗ್ ಸೇರಿಸಿದಾಗ

ಎತ್ತರ ಹೆಚ್ಚಿದ್ದರೆ ರ‍್ಯಾಂಪನ್ನು ಒಂದೇ ಓಟದಲ್ಲಿ ಇಳಿಸುವಂತಿಲ್ಲ. ಅಮೆರಿಕದ ಅಂಗವಿಕಲರ ಹಕ್ಕುಗಳ ಕಾಯ್ದೆಯಾದ ಎಡಿಎಯ 2010ರ ಮಾನದಂಡದ ಪ್ರಕಾರ ಒಂದು ಓಟದ ಏರು 76 ಸೆಂ.ಮೀ. ಮೀರಬಾರದು, ನಡುವೆ ಸುಮಾರು 1.5 ಮೀಟರ್ ಉದ್ದದ ಸಮತಟ್ಟು ಜಾಗ (ಲ್ಯಾಂಡಿಂಗ್) ಬೇಕು. 90 ಸೆಂ.ಮೀ. ಏರನ್ನು ಎರಡು ಓಟಗಳಾಗಿ ಒಡೆದರೆ 540 + 150 + 540, ಒಟ್ಟು 1230 ಸೆಂ.ಮೀ.

ಇಲ್ಲಿ ಬರುವ ತಪ್ಪು ಉತ್ತರ 1080. 90ನ್ನು 12ರಿಂದ ಗುಣಿಸಿ, ಬಂದ ದೂರದೊಳಗೇ ಲ್ಯಾಂಡಿಂಗನ್ನೂ ತುರುಕಿರುತ್ತಾರೆ. ಇಳಿಯುವ ಭಾಗಕ್ಕೆ ಉಳಿದದ್ದು 930 ಸೆಂ.ಮೀ., ಇಳಿಜಾರು 1:10.3. ‘ಒಟ್ಟಾರೆ 1:12 ಇದೆಯಲ್ಲ’ ಎಂದು ಅವರು ವಾದಿಸುತ್ತಾರೆ, ಲೆಕ್ಕಕ್ಕೆ ಅದು ಸುಳ್ಳಲ್ಲ. ಅದು ಸರಾಸರಿ ಇಳಿಜಾರು. ಗಾಲಿಕುರ್ಚಿ ಹತ್ತುವುದು ಸರಾಸರಿಯನ್ನಲ್ಲ, ಚಕ್ರದ ಕೆಳಗಿರುವ ತುಂಡನ್ನು. ಮೂರು ತುಂಡುಗಳಿಗೆ ಮೂರು ಇಳಿಜಾರು ಬರೆಯಿಸಿ: 1/12, 0, 1/12. ಲ್ಯಾಂಡಿಂಗ್ ಸಹ ಪೂರ್ತಿ ಸೊನ್ನೆಯಲ್ಲ, ನೀರು ನಿಲ್ಲದಿರಲು 1:48ರವರೆಗೆ ಓರೆ ಇರಲು ಅದೇ ಮಾನದಂಡ ಬಿಡುತ್ತದೆ. ಈ ಸೂಕ್ಷ್ಮವನ್ನು ಮೊದಲ ದಿನವೇ ತರುವುದು ಬೇಡ.

ರಟ್ಟಿನ ಮಾದರಿ ಮೋಸ ಮಾಡಿದಾಗ

ಹತ್ತನೇ ಒಂದರ ಪ್ರಮಾಣದಲ್ಲಿ ಮಾದರಿ ಮಾಡಿದರೆ ಏರು 4.5 ಸೆಂ.ಮೀ., ಅಡ್ಡದೂರ 54. ಮೇಲೆ, ನಡುವೆ, ಕೆಳಗೆ ಮೂರು ಕಡೆ ಇಳಿಜಾರು ಅಳೆಯಿಸಿ. ಮೂರೂ ಬೇರೆ ಬಂದರೆ ರಟ್ಟು ನಡುವೆ ಜೋತುಬಿದ್ದಿದೆ. ಸರಳರೇಖೆಯಲ್ಲಿ ಇಳಿಜಾರು ಎಲ್ಲೆಡೆ ಒಂದೇ ಎಂಬುದನ್ನು ತೋರಿಸಬೇಕಾದ ಮಾದರಿಯೇ ಅದನ್ನು ಸುಳ್ಳು ಮಾಡುತ್ತಿದೆ. 13.5 ಸೆಂ.ಮೀ.ಗೊಂದು ಆಧಾರಪಟ್ಟಿ ನಿಲ್ಲಿಸಬೇಕು, ಎತ್ತರಗಳು 4.5, 3.4, 2.25, 1.1 ಸೆಂ.ಮೀ. ಆಸುಪಾಸು. ಪಟ್ಟಿಗಳನ್ನು ಇಷ್ಟೇ ಎತ್ತರಕ್ಕೆ ಕತ್ತರಿಸಿದ ಮೇಲೂ ರ‍್ಯಾಂಪ್ ಹೊಸ್ತಿಲಿಗಿಂತ ಎತ್ತರ ನಿಂತರೆ ರಟ್ಟಿನ ದಪ್ಪ ಕಳೆಯಲು ಮರೆತಿದ್ದಾರೆ. 4 ಮಿ.ಮೀ. ದಪ್ಪವೆಂದರೆ ಈ ಪ್ರಮಾಣದಲ್ಲಿ 4 ಸೆಂ.ಮೀ. ಎತ್ತರದ ಎಡವುಗಲ್ಲು.

ಫೋನು, ರಸಮಟ್ಟ

ಫೋನಿನ ಕೋನ ಅಳೆಯುವ ಆ್ಯಪ್ ಚುರುಕಾಗಿದೆ, ಆದರೆ ಇಷ್ಟು ಮಂದ ಇಳಿಜಾರಿನಲ್ಲಿ ಅರ್ಧ ಡಿಗ್ರಿ ತಪ್ಪಿದರೂ 1:12ರ ರ‍್ಯಾಂಪ್ ಒಂದು ಕಡೆ 1:13.4, ಇನ್ನೊಂದು ಕಡೆ 1:10.9 ಎಂದು ತೋರುತ್ತದೆ. ಕ್ಯಾಮೆರಾದ ಉಬ್ಬು ತಾಗದಂತೆ ಫೋನನ್ನು ಅಂಚಿನ ಮೇಲೆ ನಿಲ್ಲಿಸಿ ಓದಿ. ಆಮೇಲೆ ಅದೇ ಜಾಗದಲ್ಲಿ ತುದಿ ಅದಲುಬದಲು ಮಾಡಿ ಇನ್ನೊಮ್ಮೆ ಓದಿ, ಚಿಹ್ನೆ ಬಿಟ್ಟು ಎರಡರ ಸರಾಸರಿ ತೆಗೆಯಿರಿ. ಉಪಕರಣದ ಸೊನ್ನೆ ತಪ್ಪಿದ್ದರೆ ಅದು ಇಲ್ಲಿ ಕಳೆದುಹೋಗುತ್ತದೆ.

ರಸಮಟ್ಟ ಇದ್ದರೆ ಅದೇ ಒಳ್ಳೆಯದು, ಏಕೆಂದರೆ ಅದು ಕೋನವನ್ನು ಹೇಳದೆ ತ್ರಿಕೋನವನ್ನೇ ಕಣ್ಣಮುಂದೆ ಕಟ್ಟುತ್ತದೆ. 60 ಸೆಂ.ಮೀ. ರಸಮಟ್ಟದ ಒಂದು ತುದಿಯನ್ನು ರ‍್ಯಾಂಪಿನ ಮೇಲಿಟ್ಟು, ಗುಳ್ಳೆ ನಡುವೆ ಬರುವ ತನಕ ಇನ್ನೊಂದು ತುದಿಯನ್ನು ಎತ್ತಿ, ಅದರ ಕೆಳಗಿನ ಸಂದನ್ನು ನೇರ ಕೆಳಕ್ಕೆ ಅಳೆಯಿರಿ. 5 ಸೆಂ.ಮೀ. ಬಂದರೆ 1:12. ಸಂದಿನ ಅಳತೆ 2 ಮಿ.ಮೀ. ತಪ್ಪಿದರೆ ಉತ್ತರ 11.5 ಮತ್ತು 12.5ರ ನಡುವೆ ಓಲಾಡುತ್ತದೆ. 120 ಸೆಂ.ಮೀ. ನೇರಪಟ್ಟಿಯ ಮೇಲೆ ರಸಮಟ್ಟ ಇಟ್ಟು ಅಳೆದರೆ ಓಲಾಟ ಅರ್ಧಕ್ಕಿಳಿಯುತ್ತದೆ.

ಮೆಟ್ಟಿಲ ಹಿಡಿಕಂಬಿ ಓರೆಯಾದಾಗ

ರ‍್ಯಾಂಪ್ ಮುಗಿಸಿ ಮೆಟ್ಟಿಲಿಗೆ ಬಂದವರಲ್ಲಿ ಒಂದು ವಿಚಿತ್ರ ದೋಷ ಕಾಣುತ್ತದೆ. ಪ್ರತಿ ಮೆಟ್ಟಿಲಿನ ಎತ್ತರ 150 ಮಿ.ಮೀ., ತುಳಿಯುವ ಅಗಲ 300. ಇಳಿಜಾರು 0.5. ಅದೇ ಗುಂಪು ಒಟ್ಟು ಅಳತೆಯಿಂದ ಲೆಕ್ಕ ಮಾಡಿ 0.556 ಎನ್ನುತ್ತದೆ. ಎರಡು ಭಾಗಾಕಾರವೂ ಸರಿ. ಹತ್ತು ಎತ್ತರಗಳಿರುವ ಮೆಟ್ಟಿಲಿಗೆ ತುಳಿಯುವ ಹಾಸು ಒಂಬತ್ತೇ, ಹತ್ತನೆಯದು ಮೇಲಿನ ಮಹಡಿಯ ನೆಲ. ಹಾಗಾಗಿ 1500ನ್ನು 2700ರಿಂದ ಭಾಗಿಸಿದ್ದಾರೆ. ಕೆಳಗಿನ ನೆಲದ ಬಿಂದು ಮತ್ತು ಮೇಲಿನ ಮೆಟ್ಟಿಲಿನ ಮೂಗು (ಮುಂದಿನ ಅಂಚು) ಇವೆರಡನ್ನು ಸೇರಿಸಿದ ಗೆರೆ ಉಳಿದ ಮೂಗುಗಳ ಮೇಲೆ ಹಾಯುವುದಿಲ್ಲ. ಮೊದಲ ಮೂಗಿನಿಂದ ಕೊನೆಯ ಮೂಗಿಗೆ ಅಳೆಯಿಸಿ: ಏರು 1350, ಅಡ್ಡ 2700. ಒಪ್ಪದ ಗುಂಪಿದ್ದರೆ 0.556ರ ಇಳಿಜಾರಿನಲ್ಲೇ ಹಿಡಿಕಂಬಿ ಎಳೆಯಲು ಬಿಡಿ. ಮೊದಲ ಮೂಗಿನ ಮೇಲೆ 900 ಮಿ.ಮೀ. ಎತ್ತರದಲ್ಲಿದ್ದ ಕಂಬಿ ಕೊನೆಯ ಮೂಗಿನ ಮೇಲೆ 1050ಕ್ಕೆ ಹೋಗಿ ನಿಲ್ಲುತ್ತದೆ. ಹೆಚ್ಚಾದದ್ದು 150, ಸರಿಯಾಗಿ ಒಂದು ಮೆಟ್ಟಿಲಿನ ಎತ್ತರ.